ತೆರೆಯಿಂದ ಮರೆಯಾದ ಪಂದ್ಯ

ಚಲನಚಿತ್ರದ ಇತಿಹಾಸ ಓದಿದವರಿಗೆ 1927 ಎಂದ ಕೂಡಲೇ ನೆನಪಾಗುವುದು 'ದಿ ಜಾಝ್ ಸಿಂಗರ್'. ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆ ಆ ವರ್ಷದ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆಗೆ ತಂದ ಆ ಚಿತ್ರದಲ್ಲಿ ಅಲ್ ಜಾಲ್ಸನ್ ಹಾಡಿದ, ನಡುನಡುವೆ ಮಾತೂ ಆಡಿದ. ಅಲ್ಲಿಂದ ಮೂಕಚಿತ್ರಗಳ ಕಾಲ ಮುಗಿಯತೊಡಗಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಅದೇ ಸಂಸ್ಥೆ ಒಂದು ಮೂಕಚಿತ್ರವನ್ನೂ ಬಿಡುಗಡೆ ಮಾಡಿತು. ಕಾಲೇಜು ಫುಟ್‌ಬಾಲ್ ತಂಡವೊಂದರ ಕತೆ. ಹೆಸರು 'ದಿ ಕಾಲೇಜ್ ವಿಡೋ'. ಮೊದಲನೆಯ ಚಿತ್ರವನ್ನು ನೀವು ಇಂದೂ ನೋಡಬಹುದು. ಎರಡನೆಯದನ್ನು ಯಾರೂ ನೋಡುವಂತಿಲ್ಲ. ಜಗತ್ತಿನ ಯಾವ ಚಿತ್ರ ಸಂಗ್ರಹಾಲಯದಲ್ಲೂ ಅದರ ಪ್ರತಿ ದೊರೆತಿಲ್ಲ.

ತೋರಿಸಲು ಚಿತ್ರವೇ ಇಲ್ಲದ ಚಿತ್ರವೊಂದರ ಬಗ್ಗೆ ಮಾತನಾಡಬೇಕೆಂದರೆ ದೂರದರ್ಶನದಲ್ಲಿ ದುಡಿಯುವ ನನ್ನಂಥವನಿಗೆ ಸ್ವಲ್ಪ ಇಕ್ಕಟ್ಟೇ. ನಮ್ಮದು ಕಣ್ಣಿಗೆ ಕಾಣುವುದನ್ನು ನಂಬಿ ನಡೆಯುವ ಕಸುಬು. ಆದರೆ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಇಕ್ಕಟ್ಟು ಹೊಸದಲ್ಲ. ಅಶೋಕನನ್ನು ಯಾರು ಕಂಡಿದ್ದಾರೆ? ಶಾಸನ, ನಾಣ್ಯ, ಪ್ರವಾಸಿಗರ ಬರಹ ಇವುಗಳಿಂದ ಒಂದು ಕಾಲವನ್ನು ಕಟ್ಟಿಕೊಳ್ಳುವಂತೆಯೇ ಕಳೆದುಹೋದ ಚಲನಚಿತ್ರವನ್ನೂ ಕಟ್ಟಿಕೊಳ್ಳಬೇಕಾಗುತ್ತದೆ. ವ್ಯತ್ಯಾಸ ಒಂದೇ. ಅಶೋಕನಿಗೂ ನಮಗೂ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಈ ಚಿತ್ರಕ್ಕೂ ನಮಗೂ ಒಂದು ಶತಮಾನದ ಅಂತರವೂ ಪೂರ್ತಿಯಾಗಿಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. 'ವಿಡೋ' ಎಂದರೆ ವಿಧವೆ. ಆದರೆ ಈ ಕತೆಯ ನಾಯಕಿಗೆ ಮದುವೆಯೇ ಆಗಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಣ್ಣ ಕಾಲೇಜು ಊರುಗಳು ಬೆಳೆದವು. ಹುಡುಗರು ನಾಲ್ಕು ವರ್ಷ ಓದಿ, ಪದವಿ ಪಡೆದು, ಊರು ಬಿಟ್ಟು ಹೋಗುತ್ತಿದ್ದರು. ಊರಿನ ಹುಡುಗಿ ಅಲ್ಲೇ ಉಳಿಯುತ್ತಿದ್ದಳು. ಪ್ರತಿ ತಂಡದ ಹುಡುಗರೂ ಅವಳೊಡನೆ ನೃತ್ಯಕ್ಕೆ ಹೋಗುವರು, ಪತ್ರ ಬರೆಯುವರು, ಆಮೇಲೆ ಮರೆಯುವರು. ಹೀಗೆ ವರ್ಷವರ್ಷವೂ 'ಅಗಲಿಕೆ' ಅನುಭವಿಸುವ ಹುಡುಗಿಗೆ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು 'ಕಾಲೇಜ್ ವಿಡೋ'. ಹೆಸರಿನಲ್ಲಿ ತಮಾಷೆಯಿದೆ, ಕ್ರೌರ್ಯವೂ ಇದೆ. ಹೋದವರಿಗೆ ಯಾವ ಅಡ್ಡಹೆಸರೂ ಇರಲಿಲ್ಲ ಎಂಬುದನ್ನು ಗಮನಿಸಿ.

ಈ ಅಡ್ಡಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದವನು ಜಾರ್ಜ್ ಏಡ್. 1866ರಲ್ಲಿ ಇಂಡಿಯಾನಾ ರಾಜ್ಯದ ಕೆಂಟ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1887ರಲ್ಲಿ ಪದವಿ ಪಡೆದು, ಶಿಕಾಗೋ ನಗರದಲ್ಲಿ ಪತ್ರಕರ್ತನಾಗಿದ್ದವನು. ಬೀದಿಯ ಆಡುಮಾತಿನಲ್ಲಿ ನೀತಿಕತೆಗಳನ್ನು ಬರೆದು ಹೆಸರಾದ. ಅವನ ನಾಟಕ 'ದಿ ಕಾಲೇಜ್ ವಿಡೋ' 1904ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು. ಇನ್ನೂರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಕಾಲೇಜು ಫುಟ್‌ಬಾಲನ್ನು ವೃತ್ತಿರಂಗಭೂಮಿಗೆ ತಂದು ಗೆಲ್ಲಿಸಿದ ನಾಟಕಗಳಲ್ಲಿ ಅದು ಮುಂಚೂಣಿಯದು.

ಕತೆ ಹೀಗಿದೆ. ಆಟ್‌ವಾಟರ್ ಮತ್ತು ಬಿಂಗಮ್ ಎರಡು ಬದ್ಧ ವೈರಿ ಕಾಲೇಜುಗಳು. ಎರಡೂ ಕಾಲ್ಪನಿಕ. ರೈಲ್ವೆ ಕಂಪನಿಯ ಒಡೆಯ ಹಿರಾಮ್ ಬೋಲ್ಟನ್ ಬಿಂಗಮ್ ಕಾಲೇಜಿನ ಕಡೆಯವನು. ಅವನ ಮಗ ಬಿಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರ; ಬಿಂಗಮ್ ಸೇರಲು ಹೊರಟಿರುವವನು. ದಾರಿಯಲ್ಲಿ ಅವನು ಆಟ್‌ವಾಟರಿಗೆ ಬರುತ್ತಾನೆ. ಆಟ್‌ವಾಟರಿನ ಪ್ರಿನ್ಸಿಪಾಲರ ಮಗಳು ಜೇನ್ ವಿದರ್ಸ್ಪೂನ್. ಊರಿನವರು ಅವಳನ್ನೇ ಕಾಲೇಜ್ ವಿಡೋ ಎನ್ನುವುದು. ಬಿಲ್ಲಿಯನ್ನು ಹೇಗಾದರೂ ಇಲ್ಲೇ ಉಳಿಸಿಕೊಳ್ಳಬೇಕೆಂಬ ಕೆಲಸ ಅವಳ ಪಾಲಿಗೆ ಬರುತ್ತದೆ. ಅವಳು ನಕ್ಕು ಮಾತಾಡಿಸುತ್ತಾಳೆ, ಅವನು ಉಳಿಯುತ್ತಾನೆ, ಆಟ್‌ವಾಟರ್ ಪರವಾಗಿ ಆಡುತ್ತಾನೆ, ತಂಡ ಗೆಲ್ಲುತ್ತದೆ. ತನ್ನನ್ನು ಬಲೆಗೆ ಕೆಡವಿದ್ದು ಆಟಕ್ಕಾಗಿ ಎಂದು ತಿಳಿದು ಅವನು ಸಿಡಿಯುತ್ತಾನೆ. ಅಷ್ಟರಲ್ಲಿ ಜೇನ್‌ಗೆ ಅವನ ಮೇಲೆ ನಿಜವಾಗಿಯೇ ಮನಸ್ಸಾಗಿರುತ್ತದೆ. ಮುಂದಿನದನ್ನು ನೀವೇ ಊಹಿಸಬಹುದು.

ಕತೆ ತೆಳುವಾದದ್ದೇ. ಆದರೆ ಅದರ ಹಿಂದೆ ಇದ್ದ ವಿಷಯ ತೆಳುವಾದದ್ದಲ್ಲ. ಓದಲೆಂದು ಇರುವ ಸಂಸ್ಥೆ ಆಟಗಾರನನ್ನು ಆಮಿಷ ತೋರಿಸಿ ಕರೆತರಬಹುದೇ? ಆಗಿನ ಅಮೆರಿಕದ ಕಾಲೇಜುಗಳಲ್ಲಿ ಇದು ದಿನನಿತ್ಯದ ವ್ಯವಹಾರವಾಗಿತ್ತು. ಇಂದು ಒಂದು ಕಾಲೇಜಿಗೆ ಆಡಿದವನು ಮುಂದಿನ ವರ್ಷ ಬೇರೊಂದು ಹೆಸರಿನಲ್ಲಿ ಬೇರೊಂದು ಕಾಲೇಜಿಗೆ ಆಡುವುದು, ತರಗತಿಯ ಬಾಗಿಲನ್ನೇ ನೋಡದ ಜಟ್ಟಿಯನ್ನು ವಿದ್ಯಾರ್ಥಿಯೆಂದು ದಾಖಲಿಸುವುದು, ಇವೆಲ್ಲ ನಡೆಯುತ್ತಿದ್ದವು. ಏಡ್ ಇದನ್ನು ಕಂಡು ರೇಗಲಿಲ್ಲ, ನಕ್ಕ. ಅವನ ನಗುವಿನಲ್ಲಿ ಖಂಡನೆಗಿಂತ ಒಲವೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಅವನೂ ಡೇವಿಡ್ ರಾಸ್ ಎಂಬ ಇನ್ನೊಬ್ಬ ಹಳೆಯ ವಿದ್ಯಾರ್ಥಿಯೂ ಸೇರಿ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಕ್ರೀಡಾಂಗಣಕ್ಕಾಗಿ ಜಮೀನು ಕೊಂಡು ಕೊಟ್ಟರು. 1924ರಲ್ಲಿ ತೆರೆದ ಆ ರಾಸ್–ಏಡ್ ಕ್ರೀಡಾಂಗಣ ಇಂದಿಗೂ ಅದೇ ಹೆಸರಿನಲ್ಲಿದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳಲ್ಲಿ ಕಾಲಿನಿಂದ ಒದೆಯುವ ಆಟವಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಅಂಡಾಕಾರ. ಅದನ್ನು ಕೈಯಲ್ಲಿ ಅವುಚಿಕೊಂಡು ಓಡುತ್ತಾರೆ. ಎದುರಾಳಿಗಳು ಹಿಡಿದು ಕೆಡವುತ್ತಾರೆ. ಒಂದು ತಂಡಕ್ಕೆ ಹನ್ನೊಂದು ಮಂದಿ. ನಿಗದಿಯಾದ ಯತ್ನಗಳಲ್ಲಿ ನಿಗದಿಯಾದಷ್ಟು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಏಡ್ ನಾಟಕ ಬರೆದ ಕಾಲಕ್ಕೆ ಮೂರು ಯತ್ನಗಳಲ್ಲಿ ಐದು ಗಜ ಸಾಗಿದರೆ ಸಾಕಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಹಾಗಾಗಿ ಆಟವೆಂದರೆ ಗುಂಪುಗೂಡಿ ನುಗ್ಗುವುದು, ಗುಂಪುಗೂಡಿ ತಡೆಯುವುದು. ಭೌತಶಾಸ್ತ್ರ ಓದಿದವರು ಬೇಗ ಅರ್ಥಮಾಡಿಕೊಳ್ಳುತ್ತಾರೆ: ಹೆಚ್ಚು ದ್ರವ್ಯರಾಶಿ, ಕಡಿಮೆ ಜಾಗ, ಎದುರುಬದುರು ಡಿಕ್ಕಿ. ಮೂಳೆ ಮುರಿಯುವುದು ಮಾಮೂಲು. 1905ರ ಒಂದೇ ಋತುವಿನಲ್ಲಿ ಹದಿನೆಂಟರ ಆಸುಪಾಸು ಹುಡುಗರು ಸತ್ತರೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಆ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸಲು ಹೇಳಿದ. 1906ರಲ್ಲಿ ನಿಯಮ ಬದಲಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಸಾಗಬೇಕಾದ ದೂರ ಐದರಿಂದ ಹತ್ತು ಗಜಕ್ಕೆ ಏರಿತು. 1912ರಲ್ಲಿ ಮೂರು ಯತ್ನಗಳು ನಾಲ್ಕಾದವು. ಆಟಗಾರರು ಮೈದಾನದಗಲ ಹರಡಿಕೊಂಡರು. ನೋಡಲು ಸೊಗಸಾಯಿತು.

ಈ ಬದಲಾವಣೆಯ ಪರಿಣಾಮ ಚಲನಚಿತ್ರದ ಮೇಲೂ ಆಯಿತು ಎಂದರೆ ತಪ್ಪಾಗಲಾರದು. ಇಪ್ಪತ್ತೆರಡು ಮಂದಿ ಆಡುವ ಪಂದ್ಯವನ್ನು ನಾಟಕದ ರಂಗದ ಮೇಲೆ ಆಡಿ ತೋರಿಸಲಾಗದು. ನೋಡುವವರ ಕೂಗು, ಓಡಿಬಂದು ಸುದ್ದಿ ಹೇಳುವವರ ಏದುಸಿರು ಇಷ್ಟರಿಂದಲೇ ಪಂದ್ಯವನ್ನು ಊಹಿಸಿಕೊಳ್ಳಬೇಕು. ಕ್ಯಾಮೆರಾಕ್ಕೆ ಆ ಕಟ್ಟಿಲ್ಲ. ಅದು ಮೈದಾನಕ್ಕೇ ಹೋಗುತ್ತದೆ. ಎತ್ತರದಿಂದ ಎಸೆದ ಚೆಂಡು, ಗೆರೆ ದಾಟಿ ಓಡುವ ಹುಡುಗ, ಎದ್ದುನಿಂತ ಎಪ್ಪತ್ತು ಸಾವಿರ ಜನ! ಮಾತಿನ ಅಗತ್ಯವೇ ಇಲ್ಲ. ಮೂಕಚಿತ್ರಕ್ಕೆ ಇದಕ್ಕಿಂತ ಒಪ್ಪುವ ವಸ್ತು ಇನ್ನೇನು ಬೇಕು?

1915ರಲ್ಲಿ ಫಿಲಡೆಲ್ಫಿಯಾದ ಲೂಬಿನ್ ಕಂಪನಿ ಈ ನಾಟಕವನ್ನು ಒಮ್ಮೆ ಚಿತ್ರವಾಗಿಸಿತು. ಎಥೆಲ್ ಕ್ಲೇಟನ್ ನಾಯಕಿ. ಅದು ನಮ್ಮ ಮುಖ್ಯ ವಿಷಯವಲ್ಲ. ಅದರ ಎರಡು ವರ್ಷಗಳ ನಂತರ, 1917ರಲ್ಲಿ, ಇದೇ ಕತೆ 'ಲೀವ್ ಇಟ್ ಟು ಜೇನ್' ಎಂಬ ಸಂಗೀತ ನಾಟಕವಾಯಿತು. ಸಂಗೀತ ಜೆರೋಮ್ ಕರ್ನ್ ಅವರದು. ಸಂಭಾಷಣೆ, ಹಾಡುಗಳು ಗೈ ಬೋಲ್ಟನ್ ಮತ್ತು ಪಿ. ಜಿ. ವುಡ್‌ಹೌಸ್ ಅವರವು. ಹೌದು, ನಿಮ್ಮಲ್ಲಿ ಅನೇಕರು ಕಾಲೇಜು ಗ್ರಂಥಾಲಯದಿಂದ ತಂದು ನಕ್ಕು ನಕ್ಕು ಓದಿದ ಜೀವ್ಸ್ ಕತೆಗಳ ಅದೇ ವುಡ್‌ಹೌಸ್. 1959ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ರಂಗಕ್ಕೆ ಬಂದಾಗ ಈ ಸಂಗೀತ ನಾಟಕ ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕಾಗದದ ಮೇಲಿದ್ದದ್ದು ಉಳಿಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಈ ಮಾತಿಗೆ ಮುಂದೆ ಬರುತ್ತೇನೆ.

ಇನ್ನು 1920ರ ದಶಕ. ಅಮೆರಿಕದಲ್ಲಿ ಹಣ ಓಡಾಡುತ್ತಿದ್ದ, ಕಾರು ಮತ್ತು ರೇಡಿಯೋ ಮನೆಮನೆಗೆ ಬರುತ್ತಿದ್ದ ಕಾಲ. ಕಾಲೇಜುಗಳು ಪೈಪೋಟಿಗೆ ಬಿದ್ದು ಕ್ರೀಡಾಂಗಣ ಕಟ್ಟಿದವು. ಮಿಷಿಗನ್ ವಿಶ್ವವಿದ್ಯಾಲಯ 1927ರ ಅಕ್ಟೋಬರಿನಲ್ಲಿ ತೆರೆದ ಕ್ರೀಡಾಂಗಣದಲ್ಲಿ 72,000 ಜನ ಕೂರಬಹುದಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ ಎಂಬ ಹುಡುಗ 1924ರ ಅಕ್ಟೋಬರ್ 18ರಂದು ಇದೇ ಮಿಷಿಗನ್ ವಿರುದ್ಧ ಪಂದ್ಯದ ಮೊದಲ ಹನ್ನೆರಡು ನಿಮಿಷಗಳಲ್ಲಿ ನಾಲ್ಕು ಬಾರಿ ಗೆರೆ ದಾಟಿ ಓಡಿದ. ದೇಶವೇ ಅವನ ಹೆಸರು ಹೇಳಿತು. ಮರುವರ್ಷ ಕೊನೆಯ ಕಾಲೇಜು ಪಂದ್ಯ ಮುಗಿದ ಕೆಲವೇ ದಿನಗಳಲ್ಲಿ ಅವನು ವೃತ್ತಿಪರ ತಂಡ ಸೇರಿದಾಗ ದೊಡ್ಡ ಗದ್ದಲವಾಯಿತು. 1926ರಲ್ಲಿ ಅವನೇ ನಾಯಕನಾಗಿ 'ಒನ್ ಮಿನಿಟ್ ಟು ಪ್ಲೇ' ಎಂಬ ಫುಟ್‌ಬಾಲ್ ಚಿತ್ರವೂ ಬಂತು. ಹೆರಾಲ್ಡ್ ಲಾಯ್ಡ್‌ನ 'ದಿ ಫ್ರೆಶ್‌ಮನ್' 1925ರದು. ಅದರ ಜನಸಂದಣಿಯ ದೃಶ್ಯಗಳನ್ನು ಬರ್ಕ್ಲಿಯಲ್ಲಿ ನಿಜವಾದ ಪಂದ್ಯವೊಂದರ ಮಧ್ಯಂತರ ಬಿಡುವಿನಲ್ಲಿ ಚಿತ್ರೀಕರಿಸಿದರು. ಬಸ್ಟರ್ ಕೀಟನ್‌ನ 'ಕಾಲೇಜ್' 1927ರದು. ಅದರಲ್ಲಿ ನಾಯಕ ಓಟ, ಜಿಗಿತ, ಎಸೆತ ಎಲ್ಲದರಲ್ಲೂ ಸೋಲುತ್ತಾನೆ. ಚಿತ್ರಸಂಸ್ಥೆಗಳಿಗೆ ಮೈದಾನದಲ್ಲಿ ಬೀಳಲು, ಏಳಲು ಗೊತ್ತಿದ್ದ ಹುಡುಗರು ಬೇಕಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಲ್ಲಿದ್ದು, ಗಾಯಗೊಂಡು ವಿದ್ಯಾರ್ಥಿವೇತನ ಕಳೆದುಕೊಂಡ ಮೇರಿಯನ್ ಮಾರಿಸನ್ ಎಂಬಾತ ಹೀಗೆಯೇ ಇಂಥ ಚಿತ್ರಗಳಲ್ಲಿ ಹೆಸರಿಲ್ಲದ ಆಟಗಾರನಾಗಿ ಕಾಣಿಸಿಕೊಂಡ. ಮುಂದೆ ಜಗತ್ತು ಅವನನ್ನು ಜಾನ್ ವೇಯ್ನ್ ಎಂದು ಗುರುತಿಸಿತು.

ಈ ಸುಗ್ಗಿಯಲ್ಲಿ ವಾರ್ನರ್ ಸಂಸ್ಥೆ ಏಡ್‌ನ ಹಳೆಯ ನಾಟಕವನ್ನು ಕೈಗೆತ್ತಿಕೊಂಡಿತು. ನಿರ್ದೇಶಕ ಆರ್ಚಿ ಮೇಯೋ. ಜೇನ್ ಪಾತ್ರಕ್ಕೆ ಡಲೋರೆಸ್ ಕಾಸ್ಟೆಲ್ಲೊ. ಬಿಲ್ಲಿ ಬೋಲ್ಟನ್ ಪಾತ್ರಕ್ಕೆ ವಿಲಿಯಮ್ ಕಾಲಿಯರ್ ಜೂನಿಯರ್. ಕಾಸ್ಟೆಲ್ಲೊ ಆಗ ಸಂಸ್ಥೆಯ ದೊಡ್ಡ ತಾರೆಗಳಲ್ಲಿ ಒಬ್ಬಳು. ತಂದೆ ಮಾರಿಸ್ ಕಾಸ್ಟೆಲ್ಲೊ ಅದಕ್ಕೂ ಹಿಂದಿನ ತಲೆಮಾರಿನ ತಾರೆ. 1926ರಲ್ಲಿ 'ದಿ ಸೀ ಬೀಸ್ಟ್' ಚಿತ್ರದಲ್ಲಿ ಜಾನ್ ಬ್ಯಾರಿಮೋರ್ ಜೊತೆ ನಟಿಸಿ ಹೆಸರು ಮಾಡಿದಳು, 1928ರಲ್ಲಿ ಅವನನ್ನೇ ಮದುವೆಯಾದಳು. ಇಂದಿನ ನಟಿ ಡ್ರೂ ಬ್ಯಾರಿಮೋರ್ ಇವರ ಮೊಮ್ಮಗಳು. ಕಣ್ಣೀರಿನ ಪಾತ್ರಗಳಿಗೆ ಹೆಸರಾಗಿದ್ದ ಕಾಸ್ಟೆಲ್ಲೊಗೆ ತುಂಟ ಕಾಲೇಜು ಹುಡುಗಿಯ ಪಾತ್ರ ಹೇಗೆ ಒಪ್ಪಿತ್ತು? ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಚಿತ್ರವೊಂದೇ. ನಟನೆಯನ್ನು ಕಥಾಸಾರದಿಂದ ಅಳೆಯಲಾಗುವುದಿಲ್ಲ.

ಕಥಾಸಾರದಿಂದ ತಿಳಿಯುವುದು ಇಷ್ಟು. ಚಿತ್ರದಲ್ಲಿ ಸೋಲಿನ ಮೇಲೆ ಸೋಲು ಕಂಡ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕುರ್ಚಿಗೇ ಕುತ್ತು ಬಂದಿದೆ. ಅಪ್ಪನನ್ನು ಉಳಿಸಲು ಮಗಳು ಒಳ್ಳೆಯ ಆಟಗಾರರನ್ನು ಸೆಳೆದು ತರಲು ಹೊರಡುತ್ತಾಳೆ. 1904ರ ನಾಟಕದಲ್ಲಿ ಸೋತರೆ ಮಾನ ಹೋಗುತ್ತಿತ್ತು. 1927ರಲ್ಲಿ ಸೋತರೆ ಕೆಲಸ ಹೋಗುತ್ತದೆ. ಎರಡು ದಶಕಗಳಲ್ಲಿ ಕಾಲೇಜು ಆಟ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಈ ಸಣ್ಣ ತಿದ್ದುಪಡಿ ಹೇಳುತ್ತದೆ. ವಿದ್ವಾಂಸನೊಬ್ಬನ ಉದ್ಯೋಗ ಹುಡುಗನೊಬ್ಬನ ತೊಡೆಯ ಬಲದ ಮೇಲೆ ನಿಂತಿದೆ ಎಂಬುದನ್ನು ಜನ ಚಿತ್ರಮಂದಿರದಲ್ಲಿ ಕೂತು ನೋಡಿ ನಕ್ಕರು. ಎರಡು ವರ್ಷದ ಬಳಿಕ, 1929ರ ಅಕ್ಟೋಬರಿನಲ್ಲಿ, ಷೇರುಪೇಟೆ ಕುಸಿದ ಅದೇ ತಿಂಗಳಲ್ಲಿ, ಕಾರ್ನೆಗಿ ಪ್ರತಿಷ್ಠಾನ ಕಾಲೇಜು ಕ್ರೀಡೆಗಳ ಬಗ್ಗೆ ದೊಡ್ಡದೊಂದು ವರದಿ ಹೊರಡಿಸಿತು. ನೂರಕ್ಕೂ ಹೆಚ್ಚು ಸಂಸ್ಥೆಗಳನ್ನು ಕಂಡು ಬರೆದ ವರದಿ ಅದು. ಬಹುಪಾಲು ಕಾಲೇಜುಗಳು ಆಟಗಾರರನ್ನು ಹುಡುಕಿ ತಂದು ಒಂದಲ್ಲ ಒಂದು ಬಗೆಯಲ್ಲಿ ಹಣ ಕೊಡುತ್ತಿವೆ ಎಂದು ಅದು ಹೇಳಿತು. ಹಾಸ್ಯಚಿತ್ರ ಹೇಳಿದ್ದನ್ನೇ ವರದಿ ಗಂಭೀರವಾಗಿ ಹೇಳಿತು, ಅಷ್ಟೆ.

ಹಾಗಾದರೆ ಚಿತ್ರ ಏನಾಯಿತು?

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ವಿಜ್ಞಾನ ಓದಿದ ನನಗೆ ಇದು ಕತೆಯ ಅತ್ಯಂತ ಸ್ವಾರಸ್ಯದ ಭಾಗ. ಆಗಿನ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡಿದ್ದು. ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದೊಂದಿಗೆ ವರ್ತಿಸಲು ಬಿಟ್ಟರೆ ಇದು ಸಿಗುತ್ತದೆ. ನೈಟ್ರೇಟಿನ ಪ್ರಮಾಣ ಇನ್ನಷ್ಟು ಹೆಚ್ಚಾದರೆ ಅದೇ ಗನ್ ಕಾಟನ್, ಅಂದರೆ ಸಿಡಿಮದ್ದು. ಕರ್ಪೂರದ ಜಾತಿಯ ವಸ್ತು ಬೆರೆಸಿ ಮೆದುಗೊಳಿಸಿದರೆ ಪಾರದರ್ಶಕವಾದ, ಬಾಗುವ, ಗಟ್ಟಿಯಾದ ಪಟ್ಟಿ ಸಿದ್ಧ. ಚಿತ್ರ ಅದರ ಮೇಲೆ ಬಹಳ ಚೆನ್ನಾಗಿ ಮೂಡುತ್ತಿತ್ತು. ಆದರೆ ಹೊತ್ತಿಕೊಂಡರೆ ಆರಿಸುವುದು ದುಸ್ಸಾಧ್ಯ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ.

ಬೆಂಕಿಗಿಂತ ಗುಟ್ಟಾದ ಶತ್ರು ಅದರೊಳಗೇ ಇತ್ತು. ನೈಟ್ರೇಟ್ ಫಿಲ್ಮ್ ತಾನಾಗಿಯೇ ನಿಧಾನವಾಗಿ ಒಡೆಯುತ್ತದೆ. ಆಗ ಹೊರಬರುವ ನೈಟ್ರೋಜನ್ ಆಕ್ಸೈಡುಗಳು ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತವೆ; ಆ ಆಮ್ಲ ಒಡೆಯುವ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅನಿಲ ಹೊರಹೋಗಲಾರದೆ ಕೆಲಸ ಬೇಗ ಮುಗಿಯುತ್ತದೆ. ಜೋಪಾನ ಮಾಡಲೆಂದು ಬಿಗಿಯಾಗಿ ಮುಚ್ಚಿಟ್ಟವನೇ ಫಿಲ್ಮನ್ನು ಕೊಂದಂತಾಗುತ್ತಿತ್ತು. ಮೊದಲು ಚಿತ್ರ ಮಾಸಿ ಹಳದಿಗಟ್ಟುತ್ತದೆ, ಆಮೇಲೆ ಅಂಟಂಟಾಗುತ್ತದೆ, ಗುಳ್ಳೆ ಏಳುತ್ತದೆ, ಸುರುಳಿಯೆಲ್ಲ ಒಂದೇ ಮುದ್ದೆಯಾಗುತ್ತದೆ, ಕೊನೆಗೆ ಕಂದು ಪುಡಿ. ಸಾವಿರ ಅಡಿಯ ಒಂದು ರೀಲಿನಲ್ಲಿ ಹದಿನಾರು ಸಾವಿರ ಚೌಕಟ್ಟುಗಳಿರುತ್ತವೆ. ಪುಡಿಯಾದ ಮೇಲೆ ಒಂದೂ ಇರುವುದಿಲ್ಲ.

ಇಷ್ಟಾದರೂ ಪ್ರಕೃತಿಯೊಂದನ್ನೇ ದೂರುವುದು ನ್ಯಾಯವಲ್ಲ. ಮಾತಿನ ಚಿತ್ರಗಳು ಬಂದ ಮೇಲೆ ಮೂಕಚಿತ್ರಕ್ಕೆ ಮಾರುಕಟ್ಟೆ ಇರಲಿಲ್ಲ. ಗೋದಾಮಿನ ಬಾಡಿಗೆ, ಬೆಂಕಿ ವಿಮೆ ಖರ್ಚಿನ ಬಾಬ್ತು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಕರಗಿಸಿದರೆ ನಾಲ್ಕು ಕಾಸು ಸಿಗುತ್ತದೆ. ಯೂನಿವರ್ಸಲ್ ಸಂಸ್ಥೆ 1948ರಲ್ಲಿ ತನ್ನಲ್ಲಿ ಉಳಿದಿದ್ದ ಮೂಕಚಿತ್ರಗಳನ್ನು ನಾಶಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಾರ್ನರ್ ಸಂಸ್ಥೆಯೂ ಕೆಟ್ಟುಹೋಗುತ್ತಿದ್ದ ಅನೇಕ ಹಳೆಯ ನೆಗೆಟಿವ್‌ಗಳನ್ನು 'ಕಸಕ್ಕೆ' ಎಂದು ದಾಖಲಿಸಿ ವಿಲೇವಾರಿ ಮಾಡಿತು. 1937ರ ಜುಲೈಯಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಸಂಸ್ಥೆಯ ಗೋದಾಮು ಸುಟ್ಟು ಆ ಸಂಸ್ಥೆಯ ಮೂಕಚಿತ್ರಗಳ ಬಹುಭಾಗ ಬೂದಿಯಾಯಿತು. ಇದನ್ನೆಲ್ಲ ಓದಿ ಆಗಿನವರನ್ನು ಬೈಯುವ ಮುನ್ನ ನಮ್ಮ ಕಸುಬಿನವರೂ ಕನ್ನಡಿ ನೋಡಿಕೊಳ್ಳಬೇಕು. ಟೇಪ್ ದುಬಾರಿ ಎಂದು ಹಳೆಯ ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸುವ ರೂಢಿ ಜಗತ್ತಿನ ಅನೇಕ ಟೆಲಿವಿಷನ್ ಸಂಸ್ಥೆಗಳಲ್ಲಿತ್ತು. ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಹೀಗೆ ಕಳೆದುಕೊಂಡ ಕಾರ್ಯಕ್ರಮಗಳನ್ನು ಇಂದಿಗೂ ಹುಡುಕಲಾಗುತ್ತಿದೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಡೇವಿಡ್ ಪಿಯರ್ಸ್ ಬರೆದಿದ್ದಾರೆ. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಚಿತ್ರಗಳು ಸುಮಾರು 11,000. ಅವುಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದವು ಶೇಕಡಾ 14 ಮಾತ್ರ. ಶೇಕಡಾ 70ರಷ್ಟು ಸಂಪೂರ್ಣ ನಷ್ಟ. ನಮ್ಮ ದೇಶದ ಲೆಕ್ಕ ಇದಕ್ಕಿಂತಲೂ ಬಡವಾದದ್ದು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಚಿತ್ರಗಳಲ್ಲಿ ತುಣುಕುಗಳನ್ನೂ ಸೇರಿಸಿ ಉಳಿದವು ಕೆಲವು ಹತ್ತುಗಳನ್ನು ಮೀರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಉಳಿದಿದ್ದ ನೈಟ್ರೇಟ್ ಫಿಲ್ಮುಗಳಲ್ಲೂ ಬಹಳಷ್ಟು ಹೋದವು. ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು; ಅದರ ಒಂದು ಪ್ರತಿಯೂ ಇಂದು ಇಲ್ಲ.

ಕಾಗದದ ಮಾತಿಗೆ ಬರುತ್ತೇನೆಂದು ಹೇಳಿದ್ದೆ. 1912ರವರೆಗೆ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರ ಎಂಬ ವರ್ಗವೇ ಇರಲಿಲ್ಲ, ಛಾಯಾಚಿತ್ರ ಎಂಬ ವರ್ಗವಿತ್ತು. ಹಾಗಾಗಿ ನಿರ್ಮಾಪಕರು ತಮ್ಮ ಚಿತ್ರದ ಪ್ರತಿ ಚೌಕಟ್ಟನ್ನೂ ಉದ್ದನೆಯ ಕಾಗದದ ಸುರುಳಿಗಳ ಮೇಲೆ ಮುದ್ರಿಸಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸುತ್ತಿದ್ದರು. ಕಾನೂನಿನ ಕೊರತೆಯಿಂದ ಹುಟ್ಟಿದ ಈ ವಿಚಿತ್ರ ಪದ್ಧತಿಯೇ ಮುಂದೆ ವರವಾಯಿತು. ಫಿಲ್ಮ್ ಹಾಳಾದರೂ ಕಾಗದ ಹಾಳಾಗಲಿಲ್ಲ. ಅದರಿಂದ ಮತ್ತೆ ಫಿಲ್ಮಿಗೆ ಇಳಿಸಿಕೊಂಡು ಮೂರು ಸಾವಿರದಷ್ಟು ಹಳೆಯ ಚಿತ್ರಗಳನ್ನು ಉಳಿಸಲಾಗಿದೆ. 1912ರಲ್ಲಿ ಕಾನೂನು ಸುಧಾರಿಸಿತು. ಚಲನಚಿತ್ರಕ್ಕೆ ತನ್ನದೇ ವರ್ಗ ಸಿಕ್ಕಿತು. ಆದರೆ ಬೆಂಕಿಯ ಭಯದಿಂದ ಲೈಬ್ರರಿ ಫಿಲ್ಮುಗಳನ್ನು ಇಟ್ಟುಕೊಳ್ಳದೆ, ನೋಂದಣಿಯಾದ ಮೇಲೆ ನಿರ್ಮಾಪಕರಿಗೇ ಮರಳಿಸತೊಡಗಿತು. ತಾನು ಇಟ್ಟುಕೊಂಡದ್ದು ಕಥಾಸಾರ ಮುಂತಾದ ಬರಹಗಳನ್ನು. ಇದು 1942ರವರೆಗೆ ನಡೆಯಿತು. ಕಾನೂನು ಸರಿಯಿಲ್ಲದ ಕಾಲದ ಚಿತ್ರಗಳು ಉಳಿದವು, ಸರಿಯಾದ ಕಾಲದವು ಅಳಿದವು! 1927ರ ನಮ್ಮ ಚಿತ್ರ ಈ ಎರಡನೆಯ ಅವಧಿಯದು.

ಹೀಗಾಗಿ ಇಂಥ ಚಿತ್ರವನ್ನು ಕಟ್ಟಿಕೊಳ್ಳುವವನ ಕೈಯಲ್ಲಿ ಇರುವ ಸಾಮಗ್ರಿ ಎಂದರೆ ಮೂಲ ನಾಟಕ, ಕಥಾಸಾರ, ಪತ್ರಿಕಾ ವಿಮರ್ಶೆ, ಜಾಹೀರಾತು, ಸ್ಥಿರಚಿತ್ರಗಳು. ಇವುಗಳಲ್ಲಿ ಸ್ಥಿರಚಿತ್ರವನ್ನು ಎಚ್ಚರದಿಂದ ನೋಡಬೇಕು. ಅದು ಚಿತ್ರದಿಂದ ಕತ್ತರಿಸಿದ ಚೌಕಟ್ಟಲ್ಲ. ಪ್ರಚಾರಕ್ಕಾಗಿ ಬೇರೆ ಕ್ಯಾಮೆರಾದಿಂದ, ನಟರನ್ನು ಬೇಕಾದಂತೆ ನಿಲ್ಲಿಸಿ ತೆಗೆದದ್ದು. ವಿಮರ್ಶಕ ಬರೆದದ್ದು ಅವನ ಅಭಿರುಚಿ. ಜಾಹೀರಾತು ಹೇಳುವುದು ಮಾರುವವನ ಆಸೆ. ಇನ್ನೊಂದು ಸಾಕ್ಷ್ಯವಿದೆ, ಮರುಚಿತ್ರಗಳು. ವಾರ್ನರ್ ಸಂಸ್ಥೆ 1930ರಲ್ಲಿ ವಿಲಿಯಮ್ ವೆಲ್‌ಮನ್ ನಿರ್ದೇಶನದಲ್ಲಿ 'ಮೇಬಿ ಇಟ್ಸ್ ಲವ್' ಎಂದು ಇದೇ ಎಳೆಯನ್ನು ಮಾತಿನ ಚಿತ್ರವಾಗಿಸಿತು. ಜೋನ್ ಬೆನೆಟ್, ಜೋ ಇ. ಬ್ರೌನ್ ಅದರಲ್ಲಿದ್ದರು, ನಿಜವಾದ ಹೆಸರಾಂತ ಫುಟ್‌ಬಾಲ್ ಆಟಗಾರರೂ ಇದ್ದರು. 1936ರಲ್ಲಿ 'ಫ್ರೆಶ್‌ಮನ್ ಲವ್' ಎಂದು ಮತ್ತೊಮ್ಮೆ.

ಆದರೆ ಈ ಕತೆಗೆ ಅತ್ಯುತ್ತಮ ಉತ್ತರ ಬಂದದ್ದು ಬೇರೆ ಸಂಸ್ಥೆಯಿಂದ. ಪ್ಯಾರಾಮೌಂಟ್ 1932ರಲ್ಲಿ ತೆಗೆದ 'ಹಾರ್ಸ್ ಫೆದರ್ಸ್' ಚಿತ್ರದಲ್ಲಿ ಮಾರ್ಕ್ಸ್ ಸೋದರರು ಕಾಲೇಜು ಫುಟ್‌ಬಾಲನ್ನು ಹರಿದು ಹಂಚುತ್ತಾರೆ. ಗ್ರೌಚೋ ಕಾಲೇಜಿನ ಹೊಸ ಅಧ್ಯಕ್ಷ. ಆಟಗಾರರನ್ನು ಕೊಳ್ಳಲು ಕಳ್ಳಭಟ್ಟಿಯ ಅಡ್ಡೆಗೆ ಹೋಗುತ್ತಾನೆ. ಅದರಲ್ಲೂ ಒಬ್ಬ ಕಾಲೇಜ್ ವಿಡೋ ಇದ್ದಾಳೆ. ಎರಡು ವೈರಿ ಕಾಲೇಜುಗಳ ಹೆಸರು ಹಕ್ಸ್‌ಲಿ ಮತ್ತು ಡಾರ್ವಿನ್. ಜೀವಶಾಸ್ತ್ರದ ವಿದ್ಯಾರ್ಥಿಗಳು ಇದಕ್ಕೆ ಬೇರೆಯವರಿಗಿಂತ ಒಂದು ನಗು ಹೆಚ್ಚು ನಗಬಹುದು. ಪ್ರೇಕ್ಷಕರಿಗೆ ಮೂಲ ಕತೆ ಚೆನ್ನಾಗಿ ಗೊತ್ತಿದ್ದುದರಿಂದಲೇ ಈ ಅಣಕ ಫಲಿಸಿತು. ಅಣಕ ಉಳಿದು ಅಸಲು ಹೋದದ್ದು ನಮ್ಮ ಕಾಲದ ಪಾಲಿಗೆ ಬಂದ ವಿಚಿತ್ರ. ಮುಂದೆ 1946ರಲ್ಲಿ ಇದೇ ಮಾರ್ಕ್ಸ್ ಸೋದರರ 'ಎ ನೈಟ್ ಇನ್ ಕಾಸಾಬ್ಲಾಂಕಾ' ಚಿತ್ರವನ್ನು ನಿರ್ದೇಶಿಸಿದವನು ನಮ್ಮ ಆರ್ಚಿ ಮೇಯೋ.

ಕತೆಯೊಳಗಿನ ವ್ಯವಹಾರವಂತೂ ಬೆಳೆಯುತ್ತಲೇ ಹೋಯಿತು. ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದು 2021ರಲ್ಲಿ ಒಪ್ಪಲಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಬಿಲ್ಲಿ ಬೋಲ್ಟನ್‌ನನ್ನು ಉಳಿಸಿಕೊಳ್ಳಲು ಈಗ ಪ್ರಿನ್ಸಿಪಾಲರ ಮಗಳು ನಗಬೇಕಾಗಿಲ್ಲ.

ಕಳೆದುಹೋದ ಚಿತ್ರ ಮತ್ತೆ ಸಿಗುವುದುಂಟೇ? ಉಂಟು. ಕೆನಡಾದ ಉತ್ತರ ಭಾಗದಲ್ಲಿ ಡಾಸನ್ ಸಿಟಿ ಎಂಬ ಊರಿದೆ, ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದ ಊರು. ಚಿತ್ರಗಳ ಪ್ರದರ್ಶನ ಸರಪಳಿಯಲ್ಲಿ ಅದು ಕೊನೆಯ ನಿಲ್ದಾಣ. ಅಲ್ಲಿಗೆ ಬಂದ ಫಿಲ್ಮನ್ನು ವಾಪಸು ಕಳಿಸುವ ಸಾಗಣೆ ವೆಚ್ಚ ಫಿಲ್ಮಿನ ಬೆಲೆಗಿಂತ ಹೆಚ್ಚು. ಹಾಗಾಗಿ ಡಬ್ಬಿಗಳು ಅಲ್ಲೇ ರಾಶಿಬಿದ್ದವು. 1929ರಲ್ಲಿ ಅವುಗಳನ್ನು ಅಲ್ಲಿನ ಕ್ರೀಡಾಸಂಘದ ಬಳಕೆಯಿಲ್ಲದ ಈಜುಕೊಳಕ್ಕೆ ಸುರಿದು, ಮೇಲೆ ಮಣ್ಣು ಮುಚ್ಚಿ, ಐಸ್ ಹಾಕಿ ಆಟದ ಅಂಗಣ ಸಮತಟ್ಟು ಮಾಡಿದರು. ಹುಡುಗರು ಎಷ್ಟೋ ವರ್ಷ ಅದರ ಮೇಲೆ ಐಸ್‌ನಲ್ಲಿ ಜಾರಿ ಆಡಿದರು. 1978ರಲ್ಲಿ ಹೊಸ ಕಟ್ಟಡಕ್ಕೆ ಅಗೆಯುವಾಗ ಆ ರೀಲುಗಳು ಮೇಲೆ ಬಂದವು. ಒಟ್ಟು 533 ರೀಲು. ಹೆಪ್ಪುಗಟ್ಟಿದ ನೆಲದ ತಂಪು ಅವುಗಳನ್ನು ಕಾಪಾಡಿತ್ತು. ತಾಪಮಾನ ಇಳಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಇಳಿಯುತ್ತದೆ ಎಂದು ನೀವು ಪ್ರಯೋಗಶಾಲೆಯಲ್ಲಿ ಕಲಿಯುವ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. 1919ರ ಅಮೆರಿಕದ ಬೇಸ್‌ಬಾಲ್ ವಿಶ್ವ ಸರಣಿಯ ದೃಶ್ಯಗಳೂ ಅದರಲ್ಲಿದ್ದವು. ಹಣ ಪಡೆದು ಆಟಗಾರರು ಬೇಕೆಂದೇ ಸೋತ ಕುಖ್ಯಾತ ಸರಣಿ ಅದು. ಹಾಗೆಯೇ ಜಾನ್ ಫೋರ್ಡ್ ನಿರ್ದೇಶಿಸಿದ 1927ರ 'ಅಪ್‌ಸ್ಟ್ರೀಮ್' ಎಂಬ ಚಿತ್ರ 2009ರಲ್ಲಿ ನ್ಯೂಜಿಲೆಂಡಿನಲ್ಲಿ ದೊರೆಯಿತು.

ಹಾಗಾಗಿ 'ದಿ ಕಾಲೇಜ್ ವಿಡೋ' ಚಿತ್ರದ ಹೆಸರನ್ನು ಹುಡುಕುವವರು ಇನ್ನೂ ಪಟ್ಟಿಯಿಂದ ತೆಗೆದಿಲ್ಲ. ಅದು ಎಲ್ಲಾದರೂ ಇದ್ದರೆ ಡಬ್ಬಿಯ ಮೇಲೆ ಬೇರೆ ಹೆಸರಿರಬಹುದು. ಹೊರದೇಶಗಳಿಗೆ ಹೋದ ಪ್ರತಿಗಳಿಗೆ ಆಯಾ ಭಾಷೆಯ ಹೆಸರು, ಆಯಾ ಭಾಷೆಯ ಬರಹದ ಫಲಕಗಳನ್ನು ಜೋಡಿಸುತ್ತಿದ್ದರು. ಮೊದಲ ರೀಲು ಇಲ್ಲದಿದ್ದರೆ ಹೆಸರೇ ಇರಲಿಕ್ಕಿಲ್ಲ. ಆಗ ಕಾಸ್ಟೆಲ್ಲೊಳ ಮುಖ ಗುರುತಿಸಬಲ್ಲವನೊಬ್ಬ ಬೇಕು, ಕೈಯಲ್ಲಿ ಆ ಹಳೆಯ ಕಥಾಸಾರದ ಹಾಳೆಯೂ ಬೇಕು. 1927ರಲ್ಲಿ ಪ್ರಕಟವಾದ ಕೃತಿಗಳ ಮೇಲಿನ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2023ರ ಜನವರಿ 1ಕ್ಕೆ ಮುಗಿದಿದೆ. ಸಿಕ್ಕಿದರೆ ಅಲ್ಲಿ ಅದನ್ನು ತೋರಿಸಲು ಯಾರ ಅನುಮತಿಯೂ ಬೇಕಾಗಿಲ್ಲ.